ಇಪ್ಪತ್ತನಾಲ್ಕು ಶಟರ್‌ಗಳ ರಾಹುಕಾಲ

"ಬಾಯಿ ಬಿಡಿ ಷಣ್ಮುಖಪ್ಪನವರೇ! ಆರುನೂರ ಹದಿನಾಲ್ಕು ಅಂಕಿ ತಿದ್ದಿದ ಕೈ ನಿಮ್ಮದೇ!"

ನಾನು ಮೇಜು ಗುದ್ದಿದ ರಭಸಕ್ಕೆ ಅರ್ಧ ಭದ್ರಾವತಿ ನಡುಗಿರಬೇಕು. ಗೋಡೆಯ ಗಡಿಯಾರ ಮಾತ್ರ ನಡುಗಲಿಲ್ಲ. ಅದು ನಿಧಾನವಾಗಿ ಮೂರು ಬಾರಿಸಿತು.

ಷಣ್ಮುಖಪ್ಪ ಕನ್ನಡಕ ತೆಗೆದು, ಮಡಚಿ, ಪೆಟ್ಟಿಗೆಯೊಳಗಿಟ್ಟರು. ಹಣೆಯ ವಿಭೂತಿಯ ಒಂದು ಗೆರೆಯೂ ಅಲುಗಲಿಲ್ಲ.

"ಮೂರಾಯ್ತು ಗುರುಪ್ರಸಾದ್. ಮಂಗಳವಾರ. ನಾಲ್ಕೂವರೆ ತನಕ ರಾಹುಕಾಲ. ಈ ಹೊತ್ತಲ್ಲಿ ಆಸ್ತಿ ಮಾತೂ ಇಲ್ಲ, ಜಗಳಾನೂ ಇಲ್ಲ. ಚಾ ಕುಡೀತೀರಾ?"

ಒಳಗೊಳಗೇ ಕುಣಿದುಬಿಟ್ಟೆ. ನನಗೆ ಬೇಕಿದ್ದದ್ದು ಇದೇ. ಅಪರಾಧಿ ತನ್ನ ಬಾಯಿಂದಲೇ ರಾಹುಕಾಲ ಎಂದಿದ್ದ!

ನಾನು ಯಾರೆಂದು ಗೊತ್ತಿಲ್ಲದವರು ಜಿಲ್ಲೆಯಲ್ಲಿ ಇದ್ದರೆ ಅವರಿಗೆ ಹೇಳುತ್ತೇನೆ. ಗುರುಪ್ರಸಾದ್, ಆಸ್ತಿ ಪತ್ತೇದಾರ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬೇಕರಿಯ ಮೇಲಿನ ಕೋಣೆ ನನ್ನದು. ಕಳೆದುಹೋದ ಗಡಿಕಲ್ಲು, ಸತ್ತವರ ಸಹಿ, ನೆಲವೇ ಇಲ್ಲದ ಸೈಟಿನ ಮಾರಾಟ, ಇಂಥ ಹತ್ತು ಸಾವಿರ ಪ್ರಕರಣಗಳನ್ನು ಮೂವತ್ತೊಂದು ವರ್ಷಗಳಲ್ಲಿ ಬಿಡಿಸಿದ್ದೇನೆ. ನಾನು ಟೇಪು ಹಿಡಿದು ಬರುತ್ತಿದ್ದೇನೆಂದು ತಿಳಿದರೆ ಒತ್ತುವರಿ ಬೇಲಿ ತಾನಾಗಿಯೇ ಎರಡಡಿ ಹಿಂದೆ ಸರಿಯುತ್ತದೆ. ಸುಳ್ಳೆಂದರೆ ಹೊಳಲೂರಿನವರನ್ನು ಕೇಳಿ.

ಇಂಥ ನನ್ನನ್ನು ಸಹಾಯಕ್ಕೆ ಕರೆದವಳು ಇಪ್ಪತ್ತೇಳರ ಹುಡುಗಿ, ನವ್ಯಾ.

ಅವಳ ಕೆಲಸ ಏನೆಂದು ಮೊದಲ ಸಲ ಕೇಳಿದಾಗ ನನಗೆ ತಲೆ ತಿರುಗಿತ್ತು. ಅರ್ಧ ಬ್ರೋಕರ್, ಅರ್ಧ ಅಂಕಿಅಂಶ ತಜ್ಞೆ, ಇನ್ನರ್ಧ ಊರು ಉದ್ಧಾರ ಮಾಡುವವಳು. ಮೂರು ಅರ್ಧ ಆಯಿತಲ್ಲ ಎನ್ನಬೇಡಿ. ಹೊಟ್ಟೆಕಿಚ್ಚಿನಲ್ಲಿ ಲೆಕ್ಕ ಹೀಗೆಯೇ ಬರುತ್ತದೆ.

ಭದ್ರಾವತಿಯ ಕಾರ್ಖಾನೆಯ ಹಳೇ ಗೇಟಿನ ಎದುರಿಗೆ ಇಪ್ಪತ್ತನಾಲ್ಕು ಮಳಿಗೆಗಳ ಒಂದು ಸಾಲಿದೆ. ಕಾರ್ಖಾನೆಯ ಮೂರು ಪಾಳಿ ನಡೆಯುತ್ತಿದ್ದಾಗ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಳಿ ನಿಂತಿತು, ಶಟರ್‌ಗಳು ಒಂದೊಂದಾಗಿ ಇಳಿದವು. ಆ ಸಾಲಿಗೆ ಮತ್ತೆ ಜೀವ ಕೊಡಲು 'ಭದ್ರಾ ಬದುಕು' ಎಂಬ ಟ್ರಸ್ಟು ನವ್ಯಾಳನ್ನು ನೇಮಿಸಿಕೊಂಡಿತ್ತು. ಅವಳು ಎಂಟು ತಿಂಗಳು ಬಿಸಿಲಲ್ಲಿ ಅಲೆದಳು. ಯಾವ ಮಳಿಗೆಯ ಕರೆಂಟ್ ಮೀಟರು ಓಡುತ್ತಿದೆ, ಯಾವುದು ನಿಂತಿದೆ, ಯಾವ ಬಾಗಿಲ ಮುಂದೆ ದಿನಕ್ಕೆಷ್ಟು ಜನ ಹಾದುಹೋಗುತ್ತಾರೆ, ಸುತ್ತಲಿನ ಕ್ವಾರ್ಟರ್ಸ್‌ನಲ್ಲಿ ಯಾವ ಹೆಂಗಸಿಗೆ ಯಾವ ಕೆಲಸ ಬರುತ್ತದೆ, ಎಲ್ಲವನ್ನೂ ಲ್ಯಾಪ್‌ಟಾಪಿನ ನಕ್ಷೆಗೆ ತುಂಬಿದಳು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಖಾಲಿ ಎಂದು ತೋರಿಸಿದಳು. ಆ ಹತ್ತೊಂಬತ್ತಕ್ಕೆ ಹತ್ತೊಂಬತ್ತು ಹೆಂಗಸರನ್ನು ಹೊಂದಿಸಿದಳು. ರೊಟ್ಟಿ ತಟ್ಟುವವರು, ಹೊಲಿಗೆಯವರು, ಮಿಕ್ಸಿ ರಿಪೇರಿ ಮಾಡುವ ಸೆಲ್ವಿ ಎಂಬ ಗಟ್ಟಿಗಿತ್ತಿ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಟ್ರಸ್ಟಿನ ಕಮಿಟಿ ತೀರ್ಮಾನ ಮಾಡಬೇಕು. ಮಳಿಗೆಯ ಮಾಲೀಕರು ಕೊಟ್ಟ ಒಪ್ಪಿಗೆಯ ಗಡುವೂ ನಾಳೆಗೇ ಮುಗಿಯುತ್ತದೆ.

ಅಷ್ಟರಲ್ಲಿ ಯಾರೋ ಅಂಕಿಗಳನ್ನು ತಿದ್ದಿದ್ದಾರೆ. ನಿಂತ ಮೀಟರುಗಳು ಓಡತೊಡಗಿವೆ, ಹದಿನಾರು ಖಾಲಿ ಮಳಿಗೆಗಳಲ್ಲಿ ಇಲ್ಲದ ಬಾಡಿಗೆದಾರರು ಹುಟ್ಟಿಕೊಂಡಿದ್ದಾರೆ. ಖಾಲಿ ಎಂದು ಉಳಿದಿರುವುದು ಮೂರೇ.

"ತಿದ್ದಿದ್ದು ಯಾರು ಅಂತ ತೋರಿಸದಿದ್ರೆ ಮೊದಲಿನ ಅಂಕಿನೂ ನಾನೇ ಕಟ್ಟಿದ್ದು ಅಂತಾರೆ ಸಾರ್," ಎಂದಿದ್ದಳು ನವ್ಯಾ ಇವತ್ತು ಬೆಳಿಗ್ಗೆ. "ನನ್ನ ಕೆಲಸ ಹೋದ್ರೆ ಹೋಗ್ಲಿ. ಸೆಲ್ವಿಯಕ್ಕ ಆಗಲೇ ಬೋರ್ಡು ಬರೆಸಿಟ್ಟಿದಾರೆ."

ತಿದ್ದಿದವರು ಬಳಸಿದ್ದು ಟ್ರಸ್ಟಿನ ಸಿಬ್ಬಂದಿಯೆಲ್ಲ ಹಂಚಿಕೊಳ್ಳುವ ಒಂದೇ ಲಾಗಿನ್. ಅದರ ಗುಟ್ಟಿನ ಪದ ಗೋಡೆಯ ಮೇಲೆಯೇ ಅಂಟಿಸಿತ್ತು. ಆದರೆ ಅದು ತೆರೆಯುವುದು ಟ್ರಸ್ಟಿನ ವೈಫೈ ಸಿಗುವ ಕಡೆ ಮಾತ್ರ. ಅಂದರೆ ಅವಳ ಮಹಡಿ ಆಫೀಸು, ಎದುರಿನ ಮಳಿಗೆ ಸಾಲು, ಮತ್ತು ಸಾಲಿನ ತುದಿಯಲ್ಲಿರುವ ಷಣ್ಮುಖಪ್ಪನವರ ಹೊಸ ಕಾಂಪ್ಲೆಕ್ಸು. ಕಳ್ಳ ಅಷ್ಟು ಹತ್ತಿರದಲ್ಲೇ ಕೂತಿದ್ದ.

ಲಾಗಿನ್ ಮುಚ್ಚಬೇಡ, ಬಲೆ ಹಾಗೇ ಇರಲಿ ಎಂದು ನಾನೇ ಹೇಳಿದ್ದೆ. ಆಮೇಲೆ ಅವಳು ತೋರಿಸಿದ ಒಂದು ಪಟ್ಟಿಯನ್ನು ನೋಡಿ ನಾನು ಗಹಗಹಿಸಿ ನಕ್ಕಿದ್ದೆ. ಸಕ್ರೆಬೈಲಿನ ಆನೆಗಳು ಕಿವಿ ನಿಮಿರಿಸುವಷ್ಟು ಜೋರಾಗಿ.

"ದಿನವಿಡೀ ತಿದ್ದಿದಾರೆ ಸಾರ್. ಆದ್ರೆ ದಿನಕ್ಕೊಂದು ಸಲ ಒಂದೂವರೆ ಗಂಟೆ ಹತ್ರ ಪೂರ್ತಿ ನಿಂತಿದೆ. ಬುಧವಾರ ಮಧ್ಯಾಹ್ನ. ಗುರುವಾರ ಅದಕ್ಕಿಂತ ತಡ. ಶುಕ್ರವಾರ ಬೆಳಿಗ್ಗೆ. ಊಟದ ಹೊತ್ತೂ ಅಲ್ಲ, ಕರೆಂಟ್ ಹೋಗಿದ್ದೂ ಅಲ್ಲ. ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡಿದೀನಿ."

"ನಿನ್ನ ಲ್ಯಾಪ್‌ಟಾಪಿಗೆ ಅಜ್ಜಿ ಇಲ್ಲ ನೋಡು, ಅದಕ್ಕೇ ಗೊತ್ತಾಗಿಲ್ಲ. ಅದು ರಾಹುಕಾಲ ಮಾರಾಯ್ತಿ! ನಮ್ಮ ಕಡೆ ಆಸ್ತಿ ವ್ಯವಹಾರದಲ್ಲಿ ಇರೋರು ಆ ಹೊತ್ತಲ್ಲಿ ಪೆನ್ನು ಮುಟ್ಟಲ್ಲ. ಕಳ್ಳತನ ಮಾಡಿದ್ರೂ ಒಳ್ಳೆ ಘಳಿಗೇಲೇ ಮಾಡ್ತಾರೆ."

ಅವಳ ಬಾಯಿ ತೆರೆದುಕೊಂಡಿತು. ಆ ತೆರೆದ ಬಾಯಿಯನ್ನು ಕಂಡು ನನಗೆ ಎಂಟು ತಿಂಗಳ ಉರಿ ಅರ್ಧ ಆರಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸುವುದು ನನ್ನ ಜಾತಕದಲ್ಲಿ ಇಲ್ಲ.

"ಅದರಲ್ಲೂ ಕ್ಯಾಲೆಂಡರಿನ ರಾಹುಕಾಲ ಬರೀ ಅಂದಾಜು. ಸೂರ್ಯ ಹುಟ್ಟೋದರಿಂದ ಮುಳುಗೋ ತನಕ ಹಗಲನ್ನ ಎಂಟು ಭಾಗ ಮಾಡಬೇಕು. ಶಿವಮೊಗ್ಗದ ಸೂರ್ಯನಿಗೇ ಲೆಕ್ಕ ಹಾಕಿ, ತಿಂಗಳಿಗೊಂದು ಸಾಲಿನ ಹಾಗೆ ಅಸಲಿ ರಾಹುಕಾಲದ ಕಾರ್ಡು ಮಾಡಿದೀನಿ. ಸಾವಿರ ಕಾರ್ಡು ಹಂಚಿದೀನಿ! ಪುರೋಹಿತರೇ ಫೋನ್ ಮಾಡಿ ಕೇಳ್ತಾರೆ."

"ಸಾರ್, ಹಾಗಿದ್ರೆ ಒಂದ್ಸಲ ನಿಮಿಷಗಳನ್ನೂ ನೋಡಿ…"

"ನಿಮಿಷ ನೋಡೋದು ಗುಮಾಸ್ತರ ಕೆಲಸ," ಎಂದು ಎದ್ದು ಬಂದಿದ್ದೆ.

ಅವಳ ಸಹಾಯಕ ಜ್ಞಾನೇಶನ ಮೇಲೂ ನನಗೆ ಅನುಮಾನವಿತ್ತು. ಆರು ವರ್ಷ ನನ್ನ ಟೇಪಿನ ಇನ್ನೊಂದು ತುದಿ ಹಿಡಿದವನು, ಒಂದೇ ವಾರದಲ್ಲಿ ನನ್ನನ್ನು ಬಿಟ್ಟು ಅವಳ ಬಳಿ ಸೇರಿದ್ದ. ಆದರೆ ಅವನು ಗ್ರಹಣ ಹಿಡಿದಾಗ ಮಸಾಲೆದೋಸೆ ತಿನ್ನುವ ಆಸಾಮಿ. ರಾಹುವೇ ಎದುರಿಗೆ ಬಂದು ಕೂತರೂ ಚಟ್ನಿ ಕೊಡಿ ಎನ್ನುತ್ತಾನೆ. ಉಳಿದವರು ಷಣ್ಮುಖಪ್ಪ. ಆ ಸಾಲು ಎದ್ದು ನಿಂತರೆ ಇವರ ಕಾಂಪ್ಲೆಕ್ಸಿನ ಮಳಿಗೆಗಳನ್ನು ಕೇಳುವವರಿರುವುದಿಲ್ಲ. ಕಾರಣ ಇದೆ, ವೈಫೈ ಇದೆ, ರಾಹುಕಾಲವೂ ಇದೆ. ಇನ್ನೇನು ಬೇಕು?

ಹಾಗಾಗಿ ಈಗ ಅವರ ಎದುರು ಕೂತು, ಒಂದೂವರೆ ಗಂಟೆಯಲ್ಲಿ ಹದಿನೇಳು ಲೋಟ ಚಾ ಕುಡಿದೆ. ಮೂರು ಎನ್ನುತ್ತಾರೆ ಅವರು. ಇರಲಿ.

ನಾಲ್ಕೂವರೆ ಆಯಿತು. ಗಡಿಯಾರದ ಮುಳ್ಳು ಸರಿಯಿತೋ ಇಲ್ಲವೋ, ಷಣ್ಮುಖಪ್ಪ ಕನ್ನಡಕ ಏರಿಸಿ, ಪೆನ್ನು ತೆಗೆದು, ಮುಂದಿದ್ದ ಬಾಡಿಗೆ ಕರಾರಿಗೆ ಸಹಿ ಹಾಕಿದರು.

"ಈಗ ಕೇಳಿ. ಹೊಟ್ಟೆ ಉರೀತದೆ ಅನ್ನೋದು ನಿಜ. ನಲವತ್ತು ವರ್ಷದಿಂದ ಈ ಊರಲ್ಲಿ ವ್ಯಾಪಾರ ಮಾಡ್ತಿದೀನಿ. ಯಾವ ಅಂಗಡಿ ಎಲ್ಲಿ ನಡೀತದೆ ಅಂತ ನನ್ನನ್ನ ಕೇಳ್ತಿದ್ರು ಜನ. ಈಗ ಆ ಹುಡುಗೀನ ಕೇಳ್ತಾರೆ. ನನ್ನ ಸ್ವಂತ ಅಳಿಯ ಹೋಗಿ ಕೇಳಿದ! ನಾಳೆ ಕಮಿಟೀಲಿ ಎದ್ದು ನಿಂತು ವಿರೋಧ ಮಾಡ್ತೀನಿ, ಎದೆ ತಟ್ಕೊಂಡು ಮಾಡ್ತೀನಿ. ಕದ್ದು ಅಂಕಿ ತಿದ್ದೋ ಜಾಯಮಾನ ನಮ್ಮದಲ್ಲ."

"ಹೊಟ್ಟೆಉರಿ ಒಪ್ಕೊಂಡ ಮೇಲೆ ಉಳಿದದ್ದೂ ಒಪ್ಕೊಳ್ಳಿ."

"ಉರಿ ಲೆಕ್ಕ ಹಾಕೋದಾದ್ರೆ ನಿಮ್ಮದನ್ನೂ ಹಾಕಣ," ಎಂದರು ಅವರು ಕಣ್ಣು ಕಿರಿದು ಮಾಡಿ. "ಆ ಕೆಲಸ ನಿಮ್ಮ ಮಗಳಿಗೇ ಸಿಕ್ತು ಅಂತ ಇಂಟರ್‌ವ್ಯೂಗೂ ಮೊದಲೇ ಪೇಡ ಹಂಚಿದ್ರಲ್ಲ ಮಾರಾಯ್ರೇ! ನನಗೂ ಒಂದು ಬಂದಿತ್ತು. ಚೆನ್ನಾಗಿತ್ತು."

ನನ್ನ ಬಾಯಿ ಕಟ್ಟಿತು. ಇದು ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ.

ನಿಜ, ಹಂಚಿದ್ದೆ. ನನ್ನ ಮಗಳು ಶರಾವತಿ ಅಂಕಿಅಂಶ ಶಾಸ್ತ್ರದಲ್ಲಿ ಎಂ.ಎಸ್ಸಿ., ಏಷ್ಯಾ ಖಂಡಕ್ಕೇ ಮೊದಲು. ತರಗತಿಗೆ ಎರಡನೆಯವಳು ಎಂದು ಕಾಲೇಜು ಹೇಳುತ್ತದೆ, ಕಾಲೇಜಿಗೇನು ಗೊತ್ತು. ಸೈಟು, ನಕ್ಷೆ, ಅಳತೆ, ಎಲ್ಲ ನನ್ನ ಮಡಿಲಲ್ಲೇ ಕಲಿತವಳು. ಆ ಕೆಲಸವನ್ನು ಅವಳಿಗಾಗಿಯೇ ಹೊಲಿದ ಹಾಗಿತ್ತು. ಗಾಂಧಿ ಬಜಾರಿನಲ್ಲಿ ನೇರಳೆ ಪಟ್ಟಿಯ ಹೊಸ ಚಪ್ಪಲಿ ಕೊಡಿಸಿ ಇಂಟರ್‌ವ್ಯೂಗೆ ಕಳಿಸಿದ್ದೆ. ಅವಳು ವಾಪಸು ಬಂದು, ಚಪ್ಪಲಿಯನ್ನು ಮೂಲೆಗಿಟ್ಟು, "ಇಲ್ಲ ಅಪ್ಪ" ಎಂದಳು. ಅಷ್ಟೇ. ಎಂಟು ತಿಂಗಳಿಂದ ಆ ವಿಷಯ ಎತ್ತಿಲ್ಲ. ಎತ್ತಿದವನು ನಾನೊಬ್ಬನೇ, ಅದೂ ದಿನಕ್ಕೆ ನೂರು ಸಲ. ಊಟಕ್ಕೆ ಕೂತಾಗ, "ಆ ನವ್ಯಾ ಇವತ್ತು ಏನು ಮಾಡಿದ್ಲು ಗೊತ್ತಾ" ಎಂದೇ ನನ್ನ ಮಾತು ಶುರುವಾಗುತ್ತಿತ್ತು.

ಷಣ್ಮುಖಪ್ಪನ ಕಡೆ ಒಂದು ಉರಿನೋಟ ಬಿಟ್ಟು, ರಸ್ತೆ ದಾಟಿ ನವ್ಯಾಳ ಮಹಡಿ ಏರಿದೆ.

"ಸಿಕ್ಕಿಬಿದ್ದ!" ಎಂದೆ ಬಾಗಿಲಲ್ಲೇ. "ಮೂರು ಗಂಟೆಗೆ ಪೆನ್ನು ಕೆಳಗಿಟ್ಟ, ನಾಲ್ಕೂವರೆಗೆ ಸರಿಯಾಗಿ ಎತ್ತಿದ. ಕಣ್ಣಾರೆ ನೋಡಿದೀನಿ."

ನವ್ಯಾ ಖುಷಿಪಡಲಿಲ್ಲ. ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು.

"ಹಾಗಿದ್ರೆ ಅವರಲ್ಲ ಸಾರ್."

"ಏನಂದೆ?"

"ಬುಧವಾರದ ರಾಹುಕಾಲ ಕ್ಯಾಲೆಂಡರಲ್ಲಿ ಹನ್ನೆರಡರಿಂದ ಒಂದೂವರೆ. ಆದ್ರೆ ಹನ್ನೆರಡರಿಂದ ಹನ್ನೆರಡು ನಲವತ್ತರ ತನಕ ಮೂವತ್ತೊಂದು ಅಂಕಿ ತಿದ್ದಿದಾರೆ. ಷಣ್ಮುಖಪ್ಪನೋರು ಆ ಹೊತ್ತಲ್ಲಿ ಪೆನ್ನೇ ಮುಟ್ಟಲ್ಲ ಅಂತ ನೀವೇ ಹೇಳ್ತಿದೀರ. ಬೆಳಿಗ್ಗೆ ಇದನ್ನೇ ಹೇಳೋಕೆ ಬಂದೆ. ನಿಮಿಷ ನೋಡಿ ಅಂತ."

ನೋಡಿದೆ. ಈ ಸಲ ಗುಮಾಸ್ತನ ಹಾಗೆಯೇ ನೋಡಿದೆ.

ಬುಧವಾರ ನಿಂತದ್ದು ಹನ್ನೆರಡು ನಲವತ್ತೊಂದಕ್ಕೆ, ಮತ್ತೆ ಶುರುವಾದದ್ದು ಎರಡು ಗಂಟೆ ಏಳು ನಿಮಿಷಕ್ಕೆ. ಗುರುವಾರ ಎರಡು ಏಳರಿಂದ ಮೂರು ಮೂವತ್ತಮೂರು. ಶುಕ್ರವಾರ ಹನ್ನೊಂದು ಹದಿನೈದರಿಂದ ಹನ್ನೆರಡು ನಲವತ್ತೊಂದು.

ಆ ಅಂಕಿಗಳು ನನಗೆ ಪರಿಚಯದವು. ನನ್ನದೇ ಕೈಬರಹದಲ್ಲಿ, ಕಾರ್ಡಿನ ಜನವರಿ ಸಾಲಿನಲ್ಲಿ, ಲ್ಯಾಮಿನೇಶನ್ ಹಾಳೆಯ ಕೆಳಗೆ ಇದ್ದವು.

"ಬೆಳಿಗ್ಗೆ ನೀವು ಹೇಳಿದ ಹಾಗೆ ಹಗಲನ್ನ ಎಂಟು ಭಾಗ ಮಾಡಿ ನೋಡಿದೆ," ಎಂದಳು ನವ್ಯಾ. "ಒಂದು ನಿಮಿಷವೂ ಆಚೀಚೆ ಇಲ್ಲ. ಇದು ಊರಿನ ರಾಹುಕಾಲ ಅಲ್ಲ ಸಾರ್. ನಿಮ್ಮ ರಾಹುಕಾಲ. ನಿಮ್ಮ ಕಾರ್ಡು ಇಟ್ಕೊಂಡಿರೋ ಯಾರೋ ಇದನ್ನ ಮಾಡಿದಾರೆ."

ನನ್ನ ಕೈ ಅಂಗಿಯ ಜೇಬನ್ನು ಮುಚ್ಚಿತು.

ಅವಳು ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಆದ್ರೆ ಸಾವಿರ ಕಾರ್ಡು ಹಂಚಿದೀರಲ್ಲ. ಸಾವಿರ ಜನರಲ್ಲಿ ಯಾರನ್ನ ಅಂತ ಹುಡುಕೋದು? ನಾಳೆ ಹನ್ನೊಂದಕ್ಕೆ ಮುಗೀತು."

ಓದುಗರೇ, ನನ್ನ ಸುಳ್ಳುಗಳು ಇದುವರೆಗೆ ಯಾರಿಗೂ ಕೇಡು ಮಾಡಿರಲಿಲ್ಲ. ಹದಿನೇಳು ಲೋಟ ಚಾ, ತಾನಾಗಿ ಸರಿಯುವ ಬೇಲಿ, ಯಾರಿಗೇನು ನಷ್ಟ? ಆದರೆ ಈ ಒಂದು ಸಾವಿರ ನನ್ನ ಮುಂದೆ ಗೋಡೆಯಂತೆ ಎದ್ದು ನಿಂತಿತು. ಅದರ ಹಿಂದೆ ಒಬ್ಬರು ಸುಖವಾಗಿ ಅಡಗಿಕೊಳ್ಳಬಹುದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿದ್ದೆ.

"ಇವತ್ತು ನಿಮ್ಮ ಲೆಕ್ಕದ ರಾಹುಕಾಲ ಎಷ್ಟಕ್ಕೆ ಮುಗಿಯುತ್ತೆ?" ಎಂದು ಥಟ್ಟನೆ ಕೇಳಿದಳು.

"ಐದಕ್ಕೆ."

ಗಡಿಯಾರದಲ್ಲಿ ನಾಲ್ಕು ಐವತ್ತೇಳು.

"ಇವತ್ತು ಮಧ್ಯಾಹ್ನ ಮೂರೂವರೆ ತನಕ ಇಪ್ಪತ್ತು ಅಂಕಿ ತಿದ್ದಿದಾರೆ. ಆಮೇಲೆ ನಿಂತಿದೆ. ಇನ್ನೂ ಮೂರು ಮಳಿಗೆ ಬಾಕಿ. ನೋಡೋಣ ಸಾರ್."

ಇಬ್ಬರೂ ಪರದೆಯ ಮುಂದೆ ಕೂತೆವು. ಕೆಳಗೆ ರಸ್ತೆಯಲ್ಲಿ ಗುಜರಿ ಆಟೋ ಒಂದು ಧ್ವನಿವರ್ಧಕ ಕಟ್ಟಿಕೊಂಡು ತೆವಳುತ್ತಿತ್ತು. "ಹಳೇ ಕಬ್ಣ, ಹಳೇ ಪೇಪರ್… ಪಳೈಯ ಇರುಂಬು, ಪಳೈಯ ಪೇಪರ್…" ಇಲ್ಲಿ ಎಲ್ಲವೂ ಕನ್ನಡ, ತಮಿಳು ಎರಡರಲ್ಲೂ ಮಾರಾಟವಾಗುತ್ತದೆ.

"ಒಂದು ವಿಷಯ ನೆನಪಾಗ್ತಿದೆ," ಎಂದಳು ನವ್ಯಾ ಪರದೆಯಿಂದ ಕಣ್ಣು ತೆಗೆಯದೆ. "ನನ್ನ ಇಂಟರ್‌ವ್ಯೂ ದಿನ, ಗುರುವಾರ, ಒಬ್ಬಳು ಹುಡುಗಿ ಇದ್ಲು. ಮೂರಕ್ಕೆ ಅವಳ ಹೆಸರು ಕರೆದ್ರು. ರಾಹುಕಾಲ ಇನ್ನೂ ಮುಗಿದಿಲ್ಲ, ಮೂರೂ ಮೂವತ್ತನಾಲ್ಕಕ್ಕೆ ಬರ್ತೀನಿ ಅಂದ್ಲು. ಮೂರಕ್ಕೇ ಮುಗೀತಲ್ಲಮ್ಮ ಅಂತ ಎಲ್ಲರೂ ನಕ್ರು. ಅವಳು ಕೈಯಲ್ಲೊಂದು ಕಾರ್ಡು ಹಿಡ್ಕೊಂಡು ಅಲ್ಲೇ ಕೂತಿದ್ಲು. ಅವಳ ಬದಲು ನನ್ನ ಕರೆದ್ರು. ಅವಳ ಸರದಿ ಮತ್ತೆ ಬರಲೇ ಇಲ್ಲ."



'ಇಲ್ಲ ಅಪ್ಪ' ಎಂದಿದ್ದಳು ಶರಾವತಿ. ಯಾಕೆ ಇಲ್ಲ ಎಂದು ನಾನು ಕೇಳಿರಲೇ ಇಲ್ಲ. ಟ್ರಸ್ಟಿನವರನ್ನು ಬೈದೆ, ನವ್ಯಾಳನ್ನು ಬೈದೆ, ಕಾಲವನ್ನೇ ಬೈದೆ. ಆ ಕಾರ್ಡನ್ನು ಇಂಟರ್‌ವ್ಯೂ ಹಿಂದಿನ ದಿನ ಅವಳ ಕೈಗಿತ್ತು, "ನಿಮಿಷಾನೂ ತಪ್ಪಬಾರದು" ಎಂದವನು ಮಾತ್ರ ಯಾರ ಬೈಗುಳಕ್ಕೂ ಸಿಕ್ಕಿರಲಿಲ್ಲ.

"ಸಾರ್!"

ಗಡಿಯಾರದಲ್ಲಿ ಐದು ದಾಟಿ ಒಂದು ನಿಮಿಷ. ಪರದೆಯ ಮೇಲೆ ಇಪ್ಪತ್ತೆರಡನೇ ಮಳಿಗೆಯ ಮೀಟರು, ಎಂಟು ವರ್ಷದಿಂದ ಸೊನ್ನೆಯಾಗಿದ್ದದ್ದು, ನಮ್ಮ ಕಣ್ಣೆದುರೇ ನಲವತ್ತಾರು ಆಯಿತು.

ಅದು ಸೆಲ್ವಿಯ ಮಳಿಗೆ.

ನನ್ನ ಕೈ ತಾನಾಗಿ ಫೋನು ಎತ್ತಿತು. ಒಂದೇ ಒಂದು ಆಸೆ. ಶರಾವತಿ ಶಿವಮೊಗ್ಗದಲ್ಲಿ, ಮನೆಯಲ್ಲಿ, ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇರಬೇಕು. ಹಾಗಾದರೆ ಈ ವೈಫೈಯೂ ಇಲ್ಲ, ಈ ಪಾಪವೂ ಇಲ್ಲ.

"ಹೇಳಿ ಅಪ್ಪ."

"ಎಲ್ಲಿದೀಯ ಮಗಾ?"

"ಮನೇಲಿ. ಇನ್ನೆಲ್ಲಿರ್ತೀನಿ? ನನಗೇನು ಆಫೀಸಿದೆಯಾ?" ಧ್ವನಿ ತಣ್ಣಗಿತ್ತು. "ನೀವೆಲ್ಲಿದೀರಿ? ಅವಳ ಜೊತೇನಾ?"

'ಅವಳ' ಎಂಬ ಆ ಒಂದು ಮಾತಿನಲ್ಲಿ ಎಂಟು ತಿಂಗಳಿತ್ತು. ಸಮಾಧಾನದಿಂದ ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಎಡಗಿವಿಗೆ ಕಿಟಕಿಯಿಂದ ಕೇಳಿಸಿತು.

"ಹಳೇ ಕಬ್ಣ, ಹಳೇ ಪೇಪರ್…"

ಬಲಗಿವಿಗೆ, ಫೋನಿನೊಳಗಿಂದಲೂ ಅದೇ ಕೇಳಿಸಿತು.

"…ಪಳೈಯ ಇರುಂಬು, ಪಳೈಯ ಪೇಪರ್…"

ಎರಡೂ ಕಿವಿಯಲ್ಲಿ ಒಂದೇ ಆಟೋ, ಒಂದೇ ಹೊತ್ತಿಗೆ. ನಾನು ಫೋನನ್ನು ಕಟ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ನವ್ಯಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ದಡ್ಡಿಯಲ್ಲ. ಅದೇ ನನಗೆ ಮೊದಲಿನಿಂದಲೂ ಇದ್ದ ತಕರಾರು.

"ಸಾರ್," ಎಂದಳು ಮೆಲ್ಲಗೆ, "ನಿಜವಾಗ್ಲೂ ಸಾವಿರ ಕಾರ್ಡಾ?"

ಸಾವಿರ ಎಂದರೆ ನನ್ನ ಮಗಳು ಉಳಿಯುತ್ತಾಳೆ. ಈ ಹುಡುಗಿ, ಸೆಲ್ವಿ, ಬರೆಸಿಟ್ಟ ಆ ಬೋರ್ಡು, ಉಳಿದ ಹದಿನೆಂಟು ಮಂದಿ, ಎಲ್ಲರೂ ನಾಳೆ ಹನ್ನೊಂದಕ್ಕೆ ಮುಗಿಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ಯಾವ ಸಂಖ್ಯೆಯನ್ನೂ ಇದ್ದಷ್ಟೇ ಹೇಳಿದವನಲ್ಲ ನಾನು. ಅಭ್ಯಾಸವಿಲ್ಲದ ಕೆಲಸ. 

"ಎರಡು," ಎಂದೆ. "ಮಾಡಿದ್ದು ಎರಡೇ. ಒಂದು ನನ್ನ ಜೇಬಲ್ಲಿದೆ."

ಫೋನಿನ ಆಚೆ ಹೆಜ್ಜೆಗಳು ಸರಿದವು. ಆಮೇಲೆ ಕರಕರ ಎಂಬ ಸದ್ದು. ಅದೂ ಎರಡು ಕಿವಿಗೆ ಕೇಳಿಸಿತು.

ನಾನು ಕಿಟಕಿಗೆ ಓಡಿದೆ. ಎದುರಿನ ಸಾಲಿನಲ್ಲಿ, ಎಂಟು ವರ್ಷದಿಂದ ಮುಚ್ಚಿದ್ದ ಇಪ್ಪತ್ತೆರಡನೇ ಮಳಿಗೆಯ ಶಟರು ಮೇಲೇಳತೊಡಗಿತ್ತು. ಒಂದಡಿ ಎದ್ದು ನಿಂತಿತು. ಆ ಒಂದಡಿಯ ಸಂದಿನಲ್ಲಿ ಗಾಂಧಿ ಬಜಾರಿನ ನೇರಳೆ ಪಟ್ಟಿಯ ಚಪ್ಪಲಿ ಕಂಡಿತು.

ಅದರ ಪಕ್ಕದಲ್ಲೇ, ಒಂದು ಜೊತೆ ಗಂಡಸಿನ ಬೂಟುಗಳೂ ಇದ್ದವು; ಆರು ವರ್ಷ ನನ್ನ ಟೇಪಿನ ಇನ್ನೊಂದು ತುದಿಯಲ್ಲಿ ನಾನು ನೋಡಿದ್ದ ಬೂಟುಗಳು.